ಕುಬಸದ ಖಣ ಸೋಫಾದ ಮೇಲೆ: ಎಲ್ಲಿ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ

ಕುಬಸಕ್ಕೆಂದೇ (ರವಿಕೆಗೆಂದೇ) ನೇಯುವ ಗುಳೇದಗುಡ್ಡದ ಖಣ ಕುಬಸ ಬಿಟ್ಟು ಹೊರಗೆ ಬಂದು ಕೆಲವು ವರ್ಷಗಳಾದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಸ ಮನೆಗಳಲ್ಲಿ ದಿಂಬಿನ ಕವರು, ಪರದೆಯ ಅಂಚು, ಮಂಚದ ಹೆಡ್‌ಬೋರ್ಡು, ದೇವರ ಮನೆಯ ಬಾಗಿಲು, ಎಲ್ಲಿ ನೋಡಿದರೂ ಖಣ. ಬಟ್ಟೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಮೇಲೆ ನಾಲ್ಕು ತಾಸು ಇರಲೆಂದು ನೇಯ್ದ ಬಟ್ಟೆಯನ್ನು ಶಹಾಬಾದಿ ಕಲ್ಲಿನ ನೆಲ, ಸಾಗವಾನಿ ಕಂಬ, ಲ್ಯಾಮಿನೇಟಿನ ಕಪಾಟು, ನವಲಗುಂದದ ಜಮಖಾನಗಳ ನಡುವೆ ವರ್ಷಗಟ್ಟಲೆ ಇರಿಸಿದರೆ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಬೇರೆ ಲೆಕ್ಕ. ಈ ವಿಮರ್ಶೆ ಆ ಲೆಕ್ಕದ್ದು.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ದಿಂಬಿನ ಕವರಿಗೆ ಖಣ ಉತ್ತಮ. ಪರದೆಯ ಅಂಚುಪಟ್ಟಿಗೆ ಇನ್ನೂ ಉತ್ತಮ. ಹೆಡ್‌ಬೋರ್ಡಿಗೆ ಆಗುತ್ತದೆ, ಅಳತೆ ಸರಿಯಿದ್ದರೆ. ಕೂರುವ ಸೀಟಿಗೆ ಬೇಡವೇ ಬೇಡ. ಇಡೀ ಪರದೆಗೆ ಖಣ ಬಳಸುವುದು ದುಡ್ಡು ದಂಡ. ಇನ್ನು ಬೇರೆ ಬೇರೆ ಬಟ್ಟೆ, ಕಲ್ಲು, ಕಟ್ಟಿಗೆ ಕೂಡಿಸಿದಾಗ ಕೆಡುವುದು ಬಹುತೇಕ ಬಣ್ಣ ಹೊಂದದ್ದಕ್ಕಲ್ಲ. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಒಂದು ನೀರು ಕುಡಿಯುತ್ತದೆ, ಪಕ್ಕದ್ದು ಬಣ್ಣ ಬಿಡುತ್ತದೆ. ಜಗಳ ಶುರುವಾಗುವುದು ಅಲ್ಲಿ.

ಕೊಳ್ಳುವಾಗಿನ ಪರೀಕ್ಷೆಯಿಂದ ಹೊರಡೋಣ. ಖಣದ ಹೊಕ್ಕು (ಅಡ್ಡ ಎಳೆ) ಸಾಮಾನ್ಯವಾಗಿ ಹತ್ತಿ. ಹಾಸು (ಉದ್ದ ಎಳೆ) ರೇಷ್ಮೆ ಅಥವಾ ಕೃತಕ ರೇಷ್ಮೆ (ವಿಸ್ಕೋಸ್). ತೇರು, ಆನೆ ಹೆಜ್ಜೆ ಮುಂತಾದ ಬುಟ್ಟಾಗಳು ಮೂಡುವುದು ಹೆಚ್ಚುವರಿ ಹಾಸಿನ ಎಳೆಗಳಿಂದ. ಹಾಗಾಗಿ ಬಟ್ಟೆ ತಿರುವಿದರೆ ಹಿಂಬದಿಯಲ್ಲಿ ಒಂದು ಬುಟ್ಟಾದಿಂದ ಮುಂದಿನ ಬುಟ್ಟಾಕ್ಕೆ ಉದ್ದಕ್ಕೂ ಹಾದುಹೋಗುವ ಸಡಿಲ ಎಳೆಗಳು ಕಾಣುತ್ತವೆ. ಬೆರಳ ತುದಿಯಿಂದ ಎತ್ತಿದರೆ ಏಳುತ್ತವೆ. ಹಿಂಬದಿ ಬೋಳಾಗಿ, ಮುಂಬದಿಯ ಬಣ್ಣವೇ ಮಸುಕಾಗಿ ಇಳಿದಂತೆ ಕಂಡರೆ ಅದು ಖಣದ ಚಿತ್ರ ಅಚ್ಚು ಹೊಡೆದ ಬಟ್ಟೆ. ಎಳೆ ಯಾವುದೆಂಬ ಅನುಮಾನವಿದ್ದರೆ ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯೂ ವಿಸ್ಕೋಸೂ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತವೆ. ರೇಷ್ಮೆಯದು ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಎಂದ ಮಾತ್ರಕ್ಕೆ ಬಟ್ಟೆ ಕೆಟ್ಟದ್ದೆಂದಲ್ಲ. ಬಿಸಿಲಿನ ಕಿಟಕಿಯ ಪಕ್ಕ ಅದೇ ಹೆಚ್ಚು ದಿನ ಬಾಳುತ್ತದೆ. ಆದರೆ ಕೈಮಗ್ಗದ ರೇಷ್ಮೆ ಖಣದ ಬೆಲೆ ಅದಕ್ಕೆ ಕೊಡಬಾರದಷ್ಟೆ.

ಎರಡನೆಯದು ಬಣ್ಣ. ಬಿಳಿ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಹಿಂಡಿ, ಖಣದ ಒಂದು ಮೂಲೆಯ ಮೇಲೆ ಅರ್ಧ ನಿಮಿಷ ಒತ್ತಿ ಉಜ್ಜಿ. ಕುಂಕುಮ ಕೆಂಪು, ಕಡುನೀಲಿ, ಕಪ್ಪು ಬಣ್ಣದವಕ್ಕೆ ಈ ಪರೀಕ್ಷೆ ತಪ್ಪಿಸಬೇಡಿ. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಆ ತುಂಡು ಬಿಳಿ ಗೋಡೆಗೆ ಒರಗುವ ಹೆಡ್‌ಬೋರ್ಡಿಗೂ ಬೇಡ, ತಿಳಿಬಣ್ಣದ ಸೋಫಾದ ದಿಂಬಿಗೂ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಬಣ್ಣ ಹಾಕುವಾಗ ಕಟ್ಟಿಕೊಳ್ಳದ್ದು ಆಮೇಲೆ ಅಡುಗೆ ಉಪ್ಪಿಗೆ ಕಟ್ಟಿಕೊಳ್ಳುವುದಿಲ್ಲ.

ಮೂರನೆಯದು ಪನ್ನ, ಅಂದರೆ ಬಟ್ಟೆಯ ಅಗಲ. ಖಣದ ಪನ್ನ ಕಿರಿದು, ಎರಡೂ ದಡ (ಬದಿಯ ಅಂಚುಪಟ್ಟಿ) ಸೇರಿ 31 ಇಂಚಿನ ಆಸುಪಾಸು. ಮಗ್ಗದಿಂದ ಮಗ್ಗಕ್ಕೆ ಹೆಚ್ಚುಕಡಿಮೆ ಆಗುವುದರಿಂದ ಅಂಗಡಿಯಲ್ಲೇ ಟೇಪ್ ಹಿಡಿಯಬೇಕು. ಕುಬಸದ ತುಂಡುಗಳನ್ನು ಕೊಂಡು ತಂದು ಜೋಡಿಸುವ ಲೆಕ್ಕ ಹಾಕಬೇಡಿ. ಒಂದೇ ಬಣ್ಣವೆಂದು ತಂದ ಎರಡು ತುಂಡು ಹಗಲಿನ ಬೆಳಕಿನಲ್ಲಿ ಬೇರೆಯಾಗಿ ಕಾಣುವುದು ಸಾಮಾನ್ಯ. “ಅಣ್ಣಾರ, ತುಂಡ ಬ್ಯಾಡ್ರಿ, ತಾನ ಬಿಚ್ಚಿ ಹರೀರಿ” ಎಂದು ಹೇಳಿ ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ತಾನಿನಿಂದ (ಬಟ್ಟೆಯ ಇಡೀ ಸುರುಳಿಯಿಂದ), ಒಂದೇ ಸಲಕ್ಕೆ ತರಬೇಕು. ಉಡಿ ತುಂಬಿದ ಖಣಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ, ನಿಜ. ಆದರೆ ಅವನ್ನು ಕೂರುವ ಜಾಗಕ್ಕೆ ಹಾಕಲು ಮನೆಯ ಹಿರಿಯರು ಒಪ್ಪುವುದಿಲ್ಲ, ಅಳತೆಯೂ ಸಾಲುವುದಿಲ್ಲ. ತೋರಣಕ್ಕೆ, ದೇವರ ಜಗಲಿಯ ಹಿಂಪರದೆಗೆ ಅವೇ ಸೈ.

ದಿಂಬಿನ ಕವರಿನಲ್ಲಿ ಬಹಳ ಜನ ಎಡವುವುದು ಅಳತೆಯಲ್ಲಿ. ಪೇಟೆಯಲ್ಲಿ ಎಲ್ಲರೂ ಕೇಳುವುದು 16 ಇಂಚಿನ ದಿಂಬು. ಅದಕ್ಕೆ ಹೊಲಿಗೆ ಸೇರಿ 17 ಇಂಚು ಕತ್ತರಿಸಬೇಕು. 31 ಇಂಚಿನ ಪನ್ನದಲ್ಲಿ ಒಂದೇ ಮುಖ ಸಿಕ್ಕು 14 ಇಂಚು ಉಳಿಯುತ್ತದೆ. ಹೆಚ್ಚುಕಡಿಮೆ ಅರ್ಧ ಬಟ್ಟೆ ಚೂರಾಗಿ ಹೋಯಿತು. ಅದೇ 14 ಇಂಚಿನ ದಿಂಬಿಗೆ ಇಳಿದರೆ ಕತ್ತರಿಸುವುದು 15 ಇಂಚು, ಪನ್ನದಲ್ಲಿ ಎರಡು ಕೂಡುತ್ತವೆ. ಮೊದಲೇ ತೊಳೆದು ಪನ್ನ 30 ಇಂಚಿಗೆ ಇಳಿದರೂ ಸಾಲುತ್ತದೆ, ಯಾಕೆಂದರೆ ದಡದ ಕೊನೆಯ ಅರ್ಧ ಇಂಚು ಹೊಲಿಗೆಯೊಳಗೇ ಹೋಗುತ್ತದೆ. ಇನ್ನೊಂದು ಲಾಭ: ಪ್ರತಿ ದಿಂಬಿನ ಒಂದು ಬದಿಗೆ ಖಣದ ದಡ ತಾನಾಗಿಯೇ ಬಂದು ಕೂರುತ್ತದೆ. ಆರು ಹೊಲಿಸಿದರೆ ಎಡದಡದ ಮೂರು, ಬಲದಡದ ಮೂರು. ಎರಡು ಸೋಫಾಗಳಿಗೆ ಹಂಚಿ ಎದುರುಬದುರು ಇಟ್ಟರೆ ಅದೇ ಒಂದು ವಿನ್ಯಾಸ.

ಆರು ದಿಂಬಿಗೆ ಬೇಕಾಗುವುದು ಇಷ್ಟು: ಖಣ 1.25 ಮೀಟರು, ಹಿಂಬದಿಗೆ 48 ಇಂಚು ಪನ್ನದ ಸಾದಾ ಹತ್ತಿ ಬಟ್ಟೆ 1 ಮೀಟರು, ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸ್ ಖಣದಷ್ಟೇ, 12 ಇಂಚಿನ ಜಿಪ್ ಆರು. ಒಳದಿಂಬು 15 ಇಂಚಿನದಿರಲಿ, ಕವರಿಗಿಂತ ಒಂದು ಇಂಚು ದೊಡ್ಡದು. ಆಗ ಮೂಲೆಗಳು ತುಂಬಿ ನಿಲ್ಲುತ್ತವೆ.

ಕ್ಯಾನ್ವಾಸ್ ಬಿಡಬಾರದು. ಖಣದ ಹಾಸಿನ ಎಳೆ ನುಣುಪು. ಹೊಲಿಗೆಯ ಮೇಲೆ ಎಳೆತ ಬಿದ್ದರೆ ದಾರ ಹರಿಯುವುದಿಲ್ಲ, ಬಟ್ಟೆಯ ಎಳೆಗಳೇ ಹೊಲಿಗೆಯಿಂದ ಪಕ್ಕಕ್ಕೆ ಜಾರುತ್ತವೆ. ಮೊದಲು ಹೊಲಿಗೆಯ ಬದಿಗೆ ಬಾಚಣಿಗೆಯ ಹಲ್ಲಿನಂತೆ ಸಂದು ಕಾಣುತ್ತದೆ, ತಿಂಗಳೊಪ್ಪತ್ತಿನಲ್ಲಿ ಬಾಯಿ ಬಿಡುತ್ತದೆ. ಕುಬಸ ಬಿಗಿಯಾದಾಗ ಬಗಲಲ್ಲಿ ಆಗುವುದೂ ಇದೇ. ಹಿಂಬದಿಗೆ ಕ್ಯಾನ್ವಾಸ್ ಅಂಟಿಸಿದರೆ ಎಳೆಗಳು ಜಾರುವುದಿಲ್ಲ, ಸಡಿಲ ಎಳೆಗಳೂ ಹಿಡಿದು ಕೂರುತ್ತವೆ. ಚೂರಿನ ಮೇಲೆ ಮೊದಲು ಇಸ್ತ್ರಿ ಹಿಡಿದು ನೋಡಿ; ಉರಿ ಹೆಚ್ಚಾದರೆ ಪಾಲಿಯೆಸ್ಟರ್ ಜರಿ ಮುರುಟುತ್ತದೆ. ಅರ್ಧ ಇಂಚಿಗಿಂತ ಕಡಿಮೆ ಹೊಲಿಗೆ ಬಿಡಬೇಡಿ, ಅಂಚಿಗೆ ಓವರ್‌ಲಾಕ್ ಹೊಡೆಸಿ. ಜಿಪ್ಪನ್ನು ಖಣದ ಅಂಚಿಗೆ ಹಚ್ಚದೆ, ಹಿಂಬದಿಯ ಹತ್ತಿಯಲ್ಲಿ ಕೆಳಗಿನಿಂದ 2 ಇಂಚು ಮೇಲೆ ಅಡ್ಡಕ್ಕೆ ಕೂರಿಸಿ. ಅದಕ್ಕಾಗಿ ಹಿಂಬದಿಯ ತುಂಡು ಒಂದೂವರೆ ಇಂಚು ಉದ್ದ ಕತ್ತರಿಸಿರಬೇಕು, ಅಂದರೆ 15ಕ್ಕೆ 16.5.

ಕತ್ತರಿ ಹಾಕುವ ಮೊದಲು ಎರಡೂ ಬಟ್ಟೆ ತೊಳೆಯಬೇಕು ಅಂದರೆ ಟೇಲರ್ ಸುಮ್ಮನೆ ಒಪ್ಪುವುದಿಲ್ಲ. “ತೊಳದ್ರ ಹೊಳಪ ಹೋಕ್ಕೈತ್ರಿ ಅಕ್ಕಾರ, ಹಂಗ ಹೊಲೀತೀನಿ” ಅನ್ನುತ್ತಾರೆ. ಹೊಳಪು ಸ್ವಲ್ಪ ಇಳಿಯುವುದು ನಿಜ, ಗಂಜಿ ಹೋಗುತ್ತದೆ. ಆದರೆ ಇವತ್ತಲ್ಲ ನಾಳೆ ತೊಳೆಯುವುದೇ ತಾನೆ? ಹೊಲಿದ ಮೇಲೆ ಕುಗ್ಗುವುದಕ್ಕಿಂತ ಹೊಲಿಯುವ ಮೊದಲೇ ಕುಗ್ಗಲಿ. ತಣ್ಣೀರು, ಸೌಮ್ಯ ಸೋಪು, ಹಿಂಡದೆ ನೆರಳಲ್ಲಿ ಹರವುವುದು. ವಿಸ್ಕೋಸ್ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಹಿಂಡಿದರೆ ಹಾಳು. ಶುದ್ಧ ರೇಷ್ಮೆ ಹಾಸು, ಅಸಲಿ ಜರಿ ಇದ್ದರೆ ಡ್ರೈಕ್ಲೀನ್ ಒಂದೇ ದಾರಿ. ಹಾಗಿದ್ದಾಗ ಹಿಂಬದಿಗೂ ಡ್ರೈಕ್ಲೀನಿಗೆ ಹೋಗುವ ಬಟ್ಟೆಯನ್ನೇ ಹಾಕಬೇಕು.

ಪರದೆಗೆ ಬರೋಣ. ಇಡೀ ಪರದೆ ಖಣದ್ದೇ ಆಗಲಿ ಅನ್ನುವವರು ಲೆಕ್ಕ ಹಾಕಿರುವುದಿಲ್ಲ. 4 ಅಡಿ ಕಿಟಕಿಗೆ ರಾಡು 5 ಅಡಿ, ನೆರಿಗೆ ಚೆನ್ನಾಗಿ ಬೀಳಲು ಎರಡು ಪಟ್ಟು ಬಟ್ಟೆ, ಅಂದರೆ 120 ಇಂಚು. 30 ಇಂಚಿನ ಪನ್ನದಲ್ಲಿ ನಾಲ್ಕು ಪಟ್ಟಿ ಜೋಡಿಸಬೇಕು. ಎರಡೆರಡು ದಡ ಕೂಡಿದ ಕಡೆಯೆಲ್ಲ ನಡುವಿನಲ್ಲೇ ದಪ್ಪ ಗೆರೆ. ಮೇಲಾಗಿ ಬಿಸಿಲು ರೇಷ್ಮೆಯ ಬಲ ತಿನ್ನುತ್ತದೆ, ವಿಸ್ಕೋಸನ್ನೂ ಬಿಡುವುದಿಲ್ಲ. ವಿಜಯಪುರದ ಪಡುವಣ ಕಿಟಕಿಗೆ ಹಾಕಿದ ಖಣ ಮಡಿಕೆಯ ಏಣಿನುದ್ದಕ್ಕೂ ಮೊದಲು ಬಿಳಿಚುತ್ತದೆ, ಆಮೇಲೆ ಅಲ್ಲೇ ಸೀಳುತ್ತದೆ.

ಅಂಚುಪಟ್ಟಿಯಾಗಿ ಹಾಕಿದರೆ ಇದೇ ಖಣ ಕಡಿಮೆ ಖರ್ಚಿನಲ್ಲಿ ಕೋಣೆಯನ್ನೇ ಎತ್ತಿ ನಿಲ್ಲಿಸುತ್ತದೆ. ಅದೇ ಕಿಟಕಿಗೆ 48 ಇಂಚು ಪನ್ನದ ಸಾದಾ ಹತ್ತಿ ಬಟ್ಟೆ ಮೂರು ಪಟ್ಟಿ, ಪ್ರತಿಯೊಂದೂ 2.45 ಮೀಟರಿನಂತೆ (7 ಅಡಿ ಪರದೆ, ಮೇಲೆ ಕೆಳಗೆ ಮಡಿಸಲು 12 ಇಂಚು), ಒಟ್ಟು ಸುಮಾರು 7.4 ಮೀಟರು, ಕುಗ್ಗುವುದಕ್ಕೆಂದು ಅರ್ಧ ಮೀಟರು ಹೆಚ್ಚು ತನ್ನಿ. ಖಣ ಒಂದೇ ಮೀಟರು. ಅದನ್ನು ಉದ್ದಕ್ಕೆ 7.5 ಇಂಚಿನ ನಾಲ್ಕು ಪಟ್ಟಿಯಾಗಿ ಸೀಳಿ ತುದಿಗೆ ತುದಿ ಜೋಡಿಸಿದರೆ 150 ಇಂಚಿಗೂ ಮೇಲೆ ಸಿಗುತ್ತದೆ. ಬೇಕಿರುವುದು 144. ಪಟ್ಟಿಯನ್ನು ಪರದೆಯ ಬುಡಕ್ಕೆ ಜೋಡಿಸಬೇಡಿ, ಪರದೆಯ ಮೇಲೆ ಕೂರಿಸಿ ಎರಡೂ ಅಂಚು ಮಡಿಸಿ ಹೊಲಿಯಿರಿ. ಹಿಂದಿನ ಹತ್ತಿಯೇ ಅಸ್ತರವಾಗುತ್ತದೆ, ಸಡಿಲ ಎಳೆಗಳು ಕಿಟಕಿಯ ಗ್ರಿಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ.

ಇಲ್ಲೂ ತೊಳೆಯದೆ ಹೊಲಿದರೆ ಏನಾಗುತ್ತದೆ ನೋಡಿ. ಹತ್ತಿ ಶೇ 4ರಷ್ಟು ಕುಗ್ಗಿತು ಅಂತಿಟ್ಟುಕೊಂಡರೆ 48 ಇಂಚಿನ ಪಟ್ಟಿ ಸುಮಾರು 2 ಇಂಚು ಒಳಗೆ ಹೋಗುತ್ತದೆ. ಮೇಲಿನ ಖಣ ಅಷ್ಟು ಕುಗ್ಗದಿದ್ದರೆ ಆ 2 ಇಂಚು ಎಲ್ಲಿಗೆ ಹೋಗಬೇಕು? ಉಬ್ಬಿ, ಸೊಟ್ಟಗಾಗಿ, ಹಪ್ಪಳ ಕರಿದಂತೆ ನಿಲ್ಲುತ್ತದೆ. ಎಷ್ಟು ಇಸ್ತ್ರಿ ಉಜ್ಜಿದರೂ ಹೋಗುವುದಿಲ್ಲ, ಬಿಚ್ಚಿ ಹೊಲಿಯಬೇಕು.

ಹೆಡ್‌ಬೋರ್ಡಿನದು ಬರೀ ಅಳತೆಯ ಆಟ. 6 ಅಡಿ ಮಂಚದ ಹೆಡ್‌ಬೋರ್ಡನ್ನು 24 ಇಂಚಿನ ಮೂರು ಫಲಕವಾಗಿ ಮಾಡಿಸಿ. 12 ಮಿ.ಮೀ. ಪ್ಲೈವುಡ್, ಮೇಲೆ 1 ಇಂಚಿನ 32 ಡೆನ್ಸಿಟಿ ಫೋಮ್, ಅದರ ಮೇಲೆ ಮಾದರಪಾಟ (ಸಾದಾ ಹತ್ತಿ ಬಟ್ಟೆ) ಎಳೆದು ಸ್ಟೇಪಲ್, ಆಮೇಲೆ ಖಣ. ದಪ್ಪ ಒಂದೂವರೆ ಇಂಚು, ಹಿಂದೆ ತಿರುಗಿಸಲು ಒಂದು ಇಂಚು. ಎರಡು ಕಡೆ ಸೇರಿ 5. ಒಟ್ಟು 29 ಇಂಚು, ಪನ್ನಕ್ಕೆ ಸರಿಹೊಂದಿತು. ಫಲಕ 26 ಇಂಚು ಮಾಡಿಸಿದಿರೋ, ಕೆಲಸ ಕೆಟ್ಟಿತು. ಮಾದರಪಾಟ ಬಿಟ್ಟು ನೇರ ಫೋಮಿನ ಮೇಲೆ ಖಣ ಎಳೆದರೆ ಫೋಮು ಸಡಿಲ ಎಳೆಗಳನ್ನು ಹಿಡಿದು ಎಳೆಯುತ್ತದೆ, ಬುಟ್ಟಾ ಸಾಲು ಡೊಂಕಾಗುತ್ತದೆ. ಮತ್ತೊಂದು ನಿರಾಸೆಗೆ ಮೊದಲೇ ತಯಾರಾಗಿರಿ: ಚೆಂದದ ದಡ ಪೂರ್ತಿ ಫಲಕದ ಬದಿಗೂ ಹಿಂದಕ್ಕೂ ಹೋಗಿ ಕಾಣದಾಗುತ್ತದೆ. ದಡ ಬೇಕೆನ್ನುವವರು ಬೇರೆ ಖಣದ ದಡ ಕತ್ತರಿಸಿ ಮುಖದ ಮೇಲೆ ಪಟ್ಟಿಯಾಗಿ ಹೊಲಿಸಬೇಕು.

ಸೀಟಿಗೆ ಖಣ ಬೇಡ ಎಂದದ್ದಕ್ಕೆ ಕಾರಣ ದೊಡ್ಡದಲ್ಲ. ಕೂತು ಎದ್ದು ಉಜ್ಜಾಡುವಲ್ಲಿ ಎಳೆ ಮೇಲೇಳುತ್ತದೆ. ಬಳೆ, ಮಕ್ಕಳ ಉಗುರು, ಬೆಕ್ಕಿನ ಪಂಜ ಯಾವುದು ತಾಗಿದರೂ ಒಂದು ಎಳೆ ಕಿತ್ತು ಬಂದು ಇಡೀ ಸಾಲು ಸುಕ್ಕುಗಟ್ಟುತ್ತದೆ. ಸೀಟಿಗೆ ದಪ್ಪ ಹತ್ತಿ ಬಟ್ಟೆ ಹಾಕಿ, ಪೈಪಿಂಗ್ ಮಾತ್ರ ಖಣದ ಬಣ್ಣದ್ದು ಕೊಡಿ.

ಈಗ ಕೂಡಿಸುವ ಮಾತು. ಹತ್ತು ವಿನ್ಯಾಸ ಒಂದೇ ಕಡೆ ತರುವುದು ಈ ಸೀಮೆಗೆ ಪೇಟೆಯಿಂದ ಬಂದ ವಿದ್ಯೆಯಲ್ಲ. ಮನೆಯ ಅಟ್ಟದ ಮೇಲೆ ಒಂದು ಕೌದಿ ಇರುತ್ತದಲ್ಲ, ಅದನ್ನು ಬಿಚ್ಚಿ ಹರವಿ ನೋಡಿ. ಹೂವಿನ ಚೂರು, ಚೌಕಡಿ, ಪಟ್ಟೆ, ಇಳಕಲ್ಲಿನ ದಡ, ಹಳೆ ಲಂಗದ ತುಂಡು. ಯಾವುದೂ ಇನ್ನೊಂದನ್ನು ಕೇಳಿ ಬಂದದ್ದಲ್ಲ. ಆದರೂ ಕಣ್ಣು ಚುಚ್ಚುವುದಿಲ್ಲ. ಯಾಕೆ? ಎಲ್ಲವೂ ಬಳಸಿ ತೊಳೆದು ಸವೆದ ಹತ್ತಿ, ಕುಗ್ಗುವಷ್ಟು ಕುಗ್ಗಿ ಮುಗಿದದ್ದು; ತೂಕವೂ ಹೆಚ್ಚುಕಡಿಮೆ ಒಂದೇ. ಎಲ್ಲದರ ಮೇಲೂ ಒಂದೇ ಬಣ್ಣದ ದಾರ, ಅಂಚಿನಿಂದ ನಡುವಿಗೆ ಸುತ್ತಿ ಬರುವ ಒಂದೇ ಅಂತರದ ಹೊಲಿಗೆ ಸಾಲು. ಚೂರುಗಳು ಬೇರೆ ಬೇರೆ ಇದ್ದರೂ ಅವನ್ನು ಹಿಡಿದಿರುವ ದಾರ ಒಂದೇ.

ಕೋಣೆಗೂ ಅದೇ ದಾರ ಬೇಕು. ಖಣದಲ್ಲಿರುವ ಒಂದು ಬಣ್ಣ ಆರಿಸಿ, ಕುಂಕುಮಗೆಂಪೆನ್ನಿ. ಅದು ದಿಂಬಿನ ಜೊತೆಗೆ ಇನ್ನೂ ಎರಡು ಕಡೆ ಸಣ್ಣದಾಗಿ ಕಾಣಲಿ: ಸೀಟಿನ ಪೈಪಿಂಗಿನಲ್ಲಿ, ಜಮಖಾನದ ಒಂದು ಪಟ್ಟೆಯಲ್ಲಿ. ನಾಲ್ಕನೆಯ ಕಡೆ ಗೋಡೆಗೂ ಬಳಿದರೆ ದಾರ ಹೋಗಿ ಹಗ್ಗವಾಗುತ್ತದೆ.

ವಿನ್ಯಾಸಗಳ ಗಾತ್ರ ಮಾತ್ರ ಒಂದೇ ಆಗಕೂಡದು. ನವಲಗುಂದದ ಜಮಖಾನದ ಆಕಾರಗಳು ದೊಡ್ಡವು, ರೇಖಾಕೃತಿಗಳು, ನವಿಲು, ಗೇಣುಗಟ್ಟಲೆ ಹರಡಿದಂಥವು. ಕೌದಿಯ ಚೂರು ಅಂಗೈ ಅಗಲ. ಖಣದ ಬುಟ್ಟಾ ಕಾಳಿನಷ್ಟು. ಗೇಣು, ಅಂಗೈ, ಕಾಳು: ಈ ಮೂರು ಒಂದೇ ಕೋಣೆಯಲ್ಲಿ ಇದ್ದರೂ ಜಗಳವಾಡುವುದಿಲ್ಲ, ಕಣ್ಣು ಒಂದೊಂದನ್ನೇ ಬೇರೆ ಬೇರೆ ದೂರದಿಂದ ಓದುತ್ತದೆ. ಖಣದ ದಿಂಬಿನ ಪಕ್ಕ ಅಷ್ಟೇ ಸಣ್ಣ ಹೂವಿನ ಅಚ್ಚಿನ ದಿಂಬು ಇಟ್ಟರೆ ಎರಡೂ ಕಲಸಿ ದೂರದಿಂದ ಕೊಳೆಯಂತೆ ಕಾಣುತ್ತವೆ. ಒಂದು ಸೋಫಾದ ಆರು ದಿಂಬಿನಲ್ಲಿ ಮೂರು ಖಣ, ಎರಡು ಸಾದಾ, ಒಂದು ಅಗಲ ಪಟ್ಟೆ ಇದ್ದರೆ ಸಾಕು. ಆರೂ ಖಣವಾದರೆ ಸೋಫಾ ಬಟ್ಟೆ ಅಂಗಡಿಯ ಕಟ್ಟೆಯಾಗುತ್ತದೆ.

ಜಮಖಾನದ ಬಗ್ಗೆ ನಮ್ಮದು ಒಳ್ಳೆಯ ಮಾತೇ. ಹೆಂಗಸರು ನಿಲುವು ಮಗ್ಗದ ಮೇಲೆ ನೇಯುವ ಗಟ್ಟಿ ಹತ್ತಿ; ಓಡಾಡುವ ಕೋಣೆಗೂ ಅಳುಕಿಲ್ಲದೆ ಹಾಸಬಹುದು. ನುಣುಪು ವಿಟ್ರಿಫೈಡ್ ಟೈಲ್ಸಿನ ಮೇಲೆ ಜಾರುತ್ತದೆ, ಕೆಳಗೆ ಜಾಲರಿಯಂಥ ರಬ್ಬರ್ ಹಾಸು ಬೇಕು. ಒರಟು ಶಹಾಬಾದಿಯ ಮೇಲೆ ಅಲುಗುವುದಿಲ್ಲ. ಆದರೆ ಕಲ್ಲು ಒರೆಸಿ ಪೂರ್ತಿ ಆರುವ ಮೊದಲೇ ಹಾಸಿದರೆ ತೇವ ಅಡಿಯಲ್ಲೇ ಉಳಿದು ಜಮಖಾನ ಮುಗ್ಗುತ್ತದೆ, ಕಡುಬಣ್ಣದ್ದಾದರೆ ಕಲ್ಲಿಗೂ ಕಲೆ ಕೊಡುತ್ತದೆ. ಶಹಾಬಾದಿ ಕುಡಿದ ಬಣ್ಣವನ್ನು ಬಿಟ್ಟುಕೊಡುವ ಕಲ್ಲಲ್ಲ.

ಈ ಬಟ್ಟೆಗಳಿಗೆಲ್ಲ ಒಳ್ಳೆಯ ನೆಲ ಯಾವುದು ಎಂದು ಕೇಳಿದರೆ ಶಹಾಬಾದಿಯ ಬೂದು ಬಣ್ಣಕ್ಕೇ ನಮ್ಮ ಮತ. ಮಾಸಲು ನೆಲದ ಮೇಲೆ ಖಣ ಉರಿದು ಕಾಣುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ತಾನೇ ಒಂದು ವಿನ್ಯಾಸ. ಕನ್ನಡಿ ಪಾಲಿಶ್ ಮಾಡಿಸಿದ ಮೇಲೆ ಕೆಂಪು ಖಣದ ಜೊತೆ ಇಟ್ಟರೆ ಎರಡೂ ಒಂದರ ಮಾತು ಒಂದು ಕೇಳಿಸಿಕೊಳ್ಳುವುದಿಲ್ಲ. ಗ್ರಾನೈಟ್ ನೆಲವೇ ಇದ್ದರೆ ಖಣ ಹಸಿರೋ ಕಡುನೀಲಿಯೋ ಆಗಲಿ, ನಡುವೆ ತಿಳಿಬಣ್ಣದ ಜಮಖಾನ ಬರಲಿ. ಹೊಳೆಯುವ ಕಲ್ಲಿನ ಮೇಲೆ ಹೊಳೆಯುವ ಬಟ್ಟೆ, ಪಕ್ಕದಲ್ಲಿ ಹೊಳೆಯುವ ಲ್ಯಾಮಿನೇಟ್: ಮೂರು ಹೊಳಪು ಸೇರಿದರೆ ಮದುವೆ ಮಂಟಪ.

ಶಹಾಬಾದಿ ಹಾಕಿಸುವವರಿಗೆ ಎರಡು ಎಚ್ಚರಿಕೆ. ಅದು ಪದರಾಗಿ ಸೀಳಿದ ಸುಣ್ಣಕಲ್ಲು, ದಪ್ಪ ಒಂದೇ ಸಮ ಇರುವುದಿಲ್ಲ. ಒಂದೇ ಲೋಡಿನಲ್ಲಿ ಒಂದಕ್ಕೊಂದು ಅರ್ಧ ಇಂಚು ವ್ಯತ್ಯಾಸ ಬರಬಹುದು. ಪಕ್ಕದ ಕೋಣೆಯ ಟೈಲ್ಸ್ 9–10 ಮಿ.ಮೀ. ಮಾತ್ರ. ಆದ್ದರಿಂದ ಕಲ್ಲಿನ ಕೆಲಸ ಮೊದಲು ಮುಗಿಸಿ, ಅದರ ಮಟ್ಟಕ್ಕೆ ಟೈಲ್ಸಿನ ಕೆಳಗಿನ ಗಾರೆ ಏರಿಸಬೇಕು. ತಿರುಗಾಮುರುಗಾ ಮಾಡಿದರೆ ಬಾಗಿಲ ಬಳಿ ಎಡವುವ ಮೆಟ್ಟಿಲು ಹುಟ್ಟುತ್ತದೆ. ಎರಡನೆಯದು ಆ್ಯಸಿಡ್. ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿಯುವುದು ರೂಢಿ. ಗ್ರಾನೈಟಿಗೆ ನಡೆದದ್ದು ಶಹಾಬಾದಿಗೂ ಕಡಪಾ ಕಲ್ಲಿಗೂ ನಡೆಯುವುದಿಲ್ಲ. ನೊರೆ ಎದ್ದು ಮೇಲ್ಮೈ ತಿಂದುಹೋಗುತ್ತದೆ, ಆಮೇಲೆ ಎಣ್ಣೆ ನೀರು ಎಲ್ಲ ಕುಡಿಯುತ್ತದೆ. ಅಡುಗೆಮನೆಯ ಕಡಪಾ ಕಟ್ಟೆಯ ಮೇಲೆ ನಿಂಬೆಹಣ್ಣು ಹಿಂಡಿ ಬಿಟ್ಟ ಜಾಗ ಬಿಳಿಚುವುದೂ ಇದೇ ಕಾರಣಕ್ಕೆ. ಸಿಮೆಂಟನ್ನು ಹಸಿ ಇರುವಾಗಲೇ ಗೋಣಿತಟ್ಟಿನಿಂದ ಒರೆಸಿದರೆ ಆ್ಯಸಿಡ್ಡಿನ ಮಾತೇ ಬರುವುದಿಲ್ಲ.

ಕಟ್ಟಿಗೆಗೆ ಬಂದರೆ, ಹಳೆ ಮನೆಯ ಕಂಬ, ತೊಲೆ, ಬಾಗಿಲು ಇಟ್ಟುಕೊಂಡವರು ಅದೃಷ್ಟವಂತರು. ಅಸಲಿ ಸಾಗವಾನಿಯ ಪಕ್ಕ ಕಟ್ಟಿಗೆಯ ಚಿತ್ರವಿರುವ ಲ್ಯಾಮಿನೇಟ್ ಹಾಕಬೇಡಿ. ನಿಜವಾದದ್ದು ಪಕ್ಕದಲ್ಲಿದ್ದರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಮೊಸರುಬಿಳಿ, ಬೂದು, ಮಣ್ಣಿನ ಬಣ್ಣದ ಸಾದಾ ಮ್ಯಾಟ್ ಲ್ಯಾಮಿನೇಟೇ ಚೆಂದ. ಕಪಾಟಿನ ಬಾಗಿಲಿಗೆ 18 ಮಿ.ಮೀ. ಪ್ಲೈ, ಹೊರಗೆ 1 ಮಿ.ಮೀ. ಲ್ಯಾಮಿನೇಟ್, ಒಳಗೆ 0.8. ದುಡ್ಡು ಉಳಿಸಲು ಒಳಗಿನದು ಬಿಟ್ಟು ಬರೀ ಬಣ್ಣ ಹೊಡೆದರೆ ಒಂದು ಬದಿ ಮಾತ್ರ ತೇವ ಎಳೆದುಕೊಂಡು ಬಾಗಿಲು ಬಿಲ್ಲಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಇದು ಒಂದೇ ಹಂಗಾಮಿನಲ್ಲಿ ಕಾಣುತ್ತದೆ.

ಖಣವನ್ನು ಕಪಾಟಿನ ಅಥವಾ ದೇವರ ಮನೆಯ ಬಾಗಿಲಿನ ಗಾಜಿನ ಹಿಂದೆ ಕೂರಿಸುವುದು ಈಚಿನ ರೂಢಿ. ಉಜ್ಜಾಟವಿಲ್ಲ, ಧೂಳಿಲ್ಲ, ಖಣಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಬಡಗಿಯ ಕೈಗೆ ಬಟ್ಟೆ ಕೊಟ್ಟು ಬಿಟ್ಟರೆ ಪ್ಲೈ ತುಂಬ ಫೆವಿಕಾಲ್ ಬಳಿದು ಅಂಟಿಸಿಬಿಡುತ್ತಾರೆ. ಅಂಟು ನೇಯ್ಗೆಯ ಸಂದಿನಿಂದ ಮೇಲೆ ಬಂದು, ಒಣಗಿದ ಮೇಲೆ ಮೋಡದಂಥ ಕಲೆ ಬಿಡುತ್ತದೆ. 3 ಮಿ.ಮೀ. ಹಲಗೆಗೆ ಖಣ ಬಿಗಿದು, ಹಿಂಬದಿಯ ಅಂಚಿಗೆ ಮಾತ್ರ ಅಂಟು ಅಥವಾ ಸ್ಟೇಪಲ್ ಹಾಕಿ, ಚೌಕಟ್ಟಿನಲ್ಲಿ ಕೂರಿಸಿದರೆ ಬಟ್ಟೆ ಬದಲಿಸುವುದೂ ಸುಲಭ. ಗಾಜು ಬಟ್ಟೆಗೆ ಅಂಟಿರದಂತೆ ಎರಡು ಮಿ.ಮೀ. ಸಂದು ಬಿಡಿಸಿ. ದೀಪದ ಬಿಸಿ, ಎಣ್ಣೆ ಹೊಗೆ ನೇರ ತಾಗುವಲ್ಲಿ ಬೇಡ. ಕಸೂತಿ ತುಂಡುಗಳಿಗೂ ಇದೇ ಕ್ರಮ. ಕಸೂತಿಯನ್ನು ದಿಂಬಿಗೆ ಹಾಕಿ ಸವೆಸುವುದು ಕಣ್ಣೆದುರೇ ಕೈಕೆಲಸ ಕೊಲ್ಲುವುದು.

ಇಳಕಲ್ ಸೀರೆಯಿಂದ ಪರದೆ ಮಾಡಿಸುವವರೂ ಇದ್ದಾರೆ. ಹತ್ತಿ ಒಡಲಿನದಾದರೆ ಚೆನ್ನಾಗಿಯೇ ಬರುತ್ತದೆ. ಸೀರೆಯ ಉದ್ದವೇ ಪರದೆಯ ಎತ್ತರವಾಗಿ, ಎರಡೂ ಬದಿಗೆ ದಡ ಕಂಬದಂತೆ ನಿಲ್ಲುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುವ ತೋಪುತೆನೆಯ ಜಾಗ ಮಾತ್ರ ನೆನಪಿರಲಿ. ಆ ಕೂಡು ರಾಡಿನ ಹತ್ತಿರ ಬಂದರೆ ಇಡೀ ಭಾರ ಅದರ ಮೇಲೆ. ಸೆರಗು ಕೆಳಗೆ ಬರುವಂತೆ ತಿರುಗಿಸಿ, ಹಿಂದೆ ಮಾದರಪಾಟದ ಅಸ್ತರ ಕೊಡಿ. ಈ ಪರದೆ ಇದ್ದ ಕೋಣೆಯಲ್ಲಿ ಖಣ ಎರಡು ದಿಂಬಿಗೆ ನಿಲ್ಲಲಿ.

ಬೆಳಕನ್ನು ಮರೆತು ಬಣ್ಣ ಆರಿಸಬೇಡಿ. ಖಣದ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ನಿಂತ ಕಡೆಯಿಂದ ಎರಡು ಹೆಜ್ಜೆ ಸರಿದರೆ ಬಣ್ಣವೂ ಸರಿಯುತ್ತದೆ. ಅಂಗಡಿಯ ಬಿಳಿ ಟ್ಯೂಬಿನ ಕೆಳಗೆ ನೋಡಿ ಗೋಡೆಗೆ ಬಣ್ಣ ಹೇಳುವುದು ತಪ್ಪು. ಕೈಯಗಲದ ಚೂರು ತಂದು ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಹೊತ್ತು ಗೋಡೆಗೆ ಹಿಡಿದು ನೋಡಿ. 6500 ಕೆಲ್ವಿನ್ ಎಲ್‌ಇಡಿ ಕೆಂಪು ಖಣವನ್ನು ಸತ್ತಂತೆ ಮಾಡುತ್ತದೆ. 3000ದ ಬೆಚ್ಚನೆ ಬೆಳಕು ಹಾಕಿದರೆ ಅದೇ ಬಟ್ಟೆ ಉಸಿರಾಡುತ್ತದೆ.

ಊರಿಂದೂರಿಗೆ ಪಾಲನೆ ಬೇರೆ. ವಿಜಯಪುರ, ಬಾಗಲಕೋಟೆಯಲ್ಲಿ ಶತ್ರು ಬಿಸಿಲು ಮತ್ತು ಎರೆಮಣ್ಣಿನ ಧೂಳು. ವಾರಕ್ಕೊಮ್ಮೆ ದಿಂಬನ್ನು ಹೊರಗೊಯ್ದು ಅಂಗೈಯಲ್ಲಿ ತಟ್ಟಬೇಕು. ಬ್ರಷ್ಷಿನಿಂದ ಉಜ್ಜಿದರೆ ಎಳೆ ಏಳುತ್ತದೆ. ಬೆಳಗಾವಿಯಲ್ಲಿ ಮಳೆ ವಿಜಯಪುರದ ಎರಡು ಪಟ್ಟು. ತೊಳೆದ ಕವರು ಮನೆಯೊಳಗೆ ಮೂರು ದಿನ ಆರದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮೇ ಕೊನೆಯಲ್ಲೇ ಖಣದ ಕವರು ತೆಗೆದು, ತೊಳೆದು, ನೆರಳಲ್ಲಿ ಗರಿಗರಿ ಒಣಗಿಸಿ, ಹಳೆ ಧೋತರದಲ್ಲಿ ಸುತ್ತಿ ಇಡುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಮಳೆ ನಾಲ್ಕು ತಿಂಗಳಿಗೆ ಸಾದಾ ಹತ್ತಿಯ ಇನ್ನೊಂದು ಜೊತೆ ಹೊಲಿಸಿಟ್ಟುಕೊಳ್ಳಿ.

ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಬೇಡಿ, ಕೌದಿ ಹೊಲಿಯುವವರಿಗೆ ಅವು ಬೇಕು. ಕೊಡುವ ಮೊದಲು ಒಂದು ಸಲ ನೀರಿಗೆ ಹಾಕಿ ತೆಗೆಯಿರಿ. ಬಣ್ಣ ಬಿಡುವ ಚೂರು ಒಂದಿದ್ದರೂ ಇಡೀ ಕೌದಿ ಕೆಂಪಾಗುತ್ತದೆ.